ಹ್ಯಾಂಗರಿನ ಮರೆಯ ಗಾಳಿ, ಹೆಲಿಕಾಪ್ಟರಿನ ಬ್ಲೇಡು

ಆಟಿ ತಿಂಗಳಲ್ಲಿ ಬೇಕಲ ಕೋಟೆಯ ಬುರುಜಿನ ಮೇಲೆ ಕಡಲಗಾಳಿ ಒಂದೇ ಕಡೆಯಿಂದ ನೂಕುತ್ತದೆ. ಗೋಡೆಯ ಮರೆಗೆ ಬಂದರೆ ಅದೇ ಗಾಳಿ ಮಳೆಹನಿಗಳನ್ನು ಹಿಂದಕ್ಕೂ ಮೇಲಕ್ಕೂ ತಿರುಗಿಸುತ್ತದೆ. ಯುದ್ಧನೌಕೆಯ ಹ್ಯಾಂಗರಿನ (ಹೆಲಿಕಾಪ್ಟರ್ ನಿಲ್ಲಿಸಿಡುವ ಕೋಣೆಯ) ಹಿಂದೆ, ಹೆಲಿಕಾಪ್ಟರ್ ಇಳಿಯುವ ಡೆಕ್ಕಿನಲ್ಲಿ ಆಗುವುದೂ ಇದೇ.

ಎದುರುಗಾಳಿ ಹ್ಯಾಂಗರಿನ ಮಾಡಿನ ಅಂಚಿನಲ್ಲಿ ಕಳಚಿಕೊಂಡು, ಹ್ಯಾಂಗರಿನ ಎತ್ತರದ ಒಂದೂವರೆ, ಎರಡು ಪಟ್ಟು ದೂರ ಹೋಗಿ ಮತ್ತೆ ಡೆಕ್ಕಿಗೆ ಕೂಡುತ್ತದೆ. ನಡುವಿನದ್ದೆಲ್ಲ ಸುಳಿ. 6 ಮೀಟರ್ ಎತ್ತರದ ಹ್ಯಾಂಗರಿಗೆ ಅದು ಸುಮಾರು 10 ಮೀಟರ್. 2024ರ ಮಾರ್ಚಿನಲ್ಲಿ ಕೊಚ್ಚಿಯ ಐಎನ್‌ಎಸ್ ಗರುಡ ವಾಯುನೆಲೆಯಲ್ಲಿ ನೌಕಾಪಡೆ ಸೇರಿದ ಹೆಲಿಕಾಪ್ಟರ್ ಎಂಎಚ್-60ಆರ್‌ನ ರೋಟರ್ (ಮೇಲೆ ತಿರುಗುವ ಬ್ಲೇಡುಗಳ ಚಕ್ರ) ವ್ಯಾಸ 16.36 ಮೀಟರ್. ಹಾಗಾಗಿ ಒಂದೇ ಸುತ್ತಿನಲ್ಲಿ ಬ್ಲೇಡು ಸುಳಿಯನ್ನೂ ಅದರಾಚೆಯ ಬಿರುಸು ಗಾಳಿಯನ್ನೂ ಹಾಯಬೇಕಾಗುತ್ತದೆ. ಕೆಳಮುಖದ ಗಾಳಿ ಸಿಕ್ಕಿದಲ್ಲಿ ಬ್ಲೇಡಿನ ದಾಳಿಕೋನ (ಎದುರಾಗುವ ಗಾಳಿಗೆ ಬ್ಲೇಡು ಓರೆಯಾಗಿರುವ ಕೋನ) ಕುಗ್ಗಿ ಎತ್ತುಬಲ ಇಳಿಯುತ್ತದೆ. ಪೈಲಟ್ ಕಲೆಕ್ಟಿವ್ (ಎಲ್ಲ ಬ್ಲೇಡುಗಳ ಕೋನವನ್ನು ಒಟ್ಟಿಗೆ ಹೆಚ್ಚಿಸುವ ಹಿಡಿಕೆ) ಎತ್ತುತ್ತಾನೆ, ರೋಟರನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಏರುತ್ತದೆ, ಮೂಗು ತಿರುಗುತ್ತದೆ, ಅದನ್ನು ತಡೆಯಲು ಪೆಡಲ್ ಒತ್ತಬೇಕು. ಇದೆಲ್ಲ ಡೆಕ್ ಅಲುಗುತ್ತಿರುವಾಗಲೇ.

ನೇರ ಎದುರುಗಾಳಿಗಿಂತ 30ರಿಂದ 45 ಡಿಗ್ರಿ ಓರೆಗಾಳಿಯೇ ಹೆಚ್ಚು ಕಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಹ್ಯಾಂಗರಿನ ನಿಲುವಂಚಿನಿಂದಲೂ ಡೆಕ್ಕಿನ ಅಂಚಿನಿಂದಲೂ ಸುಳಿಗಳು ಕಳಚಿ ರೋಟರಿಗೆ ಬಡಿಯುತ್ತವೆ. ಸೆಕೆಂಡಿಗೆ 15 ಮೀಟರ್ ಗಾಳಿ, 14 ಮೀಟರ್ ಅಗಲದ ಹ್ಯಾಂಗರ್ ಎಂದರೆ ಸುಮಾರು 5 ಸೆಕೆಂಡಿಗೊಂದು ದೊಡ್ಡ ಸುಳಿ. ತೀರಾ ವೇಗದ ನಡುಕವನ್ನು ಹೆಲಿಕಾಪ್ಟರಿನ ಭಾರವೇ ನುಂಗುತ್ತದೆ. ಇಷ್ಟು ನಿಧಾನದ ಒದೆತವನ್ನು ಕೈಯಿಂದಲೇ ತಿದ್ದಬೇಕು.

ಇಂಥಲ್ಲಿ ಹಡಗೇ ನೆರವಾಗಬೇಕು. ಎದುರಿನಿಂದ 20 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಗಾಳಿಯಿದ್ದು ಹಡಗು 15 ನಾಟಿನಲ್ಲಿ ಹೋಗುತ್ತಿದ್ದರೆ ಡೆಕ್ಕಿನ ಮೇಲೆ 35 ನಾಟ್. ವೇಗವನ್ನು 5ಕ್ಕೆ ಇಳಿಸಿದರೆ 25. ದಿಕ್ಕು ತುಸು ಬದಲಿಸಿದರೆ ಓರೆಯೂ ಕಡಿಮೆ. ಯಾವ ದಿಕ್ಕಿನಿಂದ ಎಷ್ಟು ಗಾಳಿಯವರೆಗೆ ಇಳಿಯಬಹುದು ಎಂಬ ನಕ್ಷೆ ಪ್ರತಿ ಹಡಗು–ಹೆಲಿಕಾಪ್ಟರ್ ಜೋಡಿಗೂ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ.

ಇಳಿದ ಮೇಲೂ ಅಪಾಯ ಮುಗಿಯುವುದಿಲ್ಲ. ಇದನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬ್ಲೇಡನ್ನು ಬಿಗಿಯಾಗಿ ಹಿಡಿದಿಡುವುದು ತಿರುಗುವಿಕೆಯ ಸೆಳೆತ. ರೋಟರ್ ನಿಲ್ಲಿಸುವಾಗ ವೇಗ ಕಾಲುಭಾಗಕ್ಕೆ ಇಳಿದರೆ ಆ ಸೆಳೆತ ಹದಿನಾರನೇ ಒಂದಂಶ ಮಾತ್ರ. ಪೂರ್ಣ ವೇಗದಲ್ಲಿ ತುದಿ ಸೆಕೆಂಡಿಗೆ 220 ಮೀಟರ್ ಓಡುವಾಗ 3 ಮೀಟರಿನ ಮೇಲ್ಮುಖ ಗಾಳಿ ದಾಳಿಕೋನವನ್ನು 0.8 ಡಿಗ್ರಿ ಬದಲಿಸುತ್ತದೆ. ತುದಿಯ ವೇಗ 55 ಮೀಟರಿಗೆ ಇಳಿದಾಗ 3 ಡಿಗ್ರಿಗಿಂತ ಹೆಚ್ಚು. ಸಡಿಲಾದ ಬ್ಲೇಡು ಮೇಲೆದ್ದು, ಬೀಳುವಾಗ ಬಾಲಕ್ಕೆ ಬಡಿಯಬಹುದು. ಅಮೆರಿಕದ ಎಚ್-46 ಸೀ ನೈಟ್‌ನಲ್ಲಿ ಬ್ಲೇಡುಗಳು ಅದರ ಎರಡು ರೋಟರುಗಳನ್ನು ಜೋಡಿಸುವ ಬೆನ್ನಿನ ಶಾಫ್ಟ್ ಕವಚಕ್ಕೆ ಹಲವು ಬಾರಿ ಬಡಿದಿವೆ. ಆದ್ದರಿಂದಲೇ ರೋಟರ್ ಬ್ರೇಕ್ ಹಾಕಿ ಈ ನಿಧಾನಗತಿಯ ಅವಧಿಯನ್ನು ಬೇಗ ದಾಟಿಸುತ್ತಾರೆ. ರೋಟರ್ ಚಾಲೂ ಮಾಡುವುದಕ್ಕೂ ನಿಲ್ಲಿಸುವುದಕ್ಕೂ ಗಾಳಿಯ ಮಿತಿ ಇಳಿಯುವ ಮಿತಿಗಿಂತ ಪ್ರತ್ಯೇಕವಾಗಿರುತ್ತದೆ.