ಮರಳಿನ ಟ್ರೇ

ನನ್ನ ಮಗನಿಗೆ ಏಳು ವರ್ಷ. ಮಾತು ತಡವಾಗಿ ಬಂತು, ಗಮನ ಒಂದೆಡೆ ನಿಲ್ಲದ, ಕೂತಲ್ಲಿ ಕೂರಲಾಗದ ಎಡಿಎಚ್‌ಡಿಯೂ ಇದೆ. ಕೈಗೆ ಪೆನ್ಸಿಲ್ ಕೊಟ್ಟರೆ ಎರಡೇ ನಿಮಿಷ, ಕುರ್ಚಿ ಖಾಲಿ. "ಕೈಯಲ್ಲಿ ಮಾಡಿಸಿ ಕಲಿಸಿ" ಅಂತ ಥೆರಪಿಸ್ಟ್ ಹೇಳಿದ ದಿನವೇ ನಾನು ಮೇಜಿನ ತುಂಬ ಮಣಿ, ಗುಂಡಿ, ಕ್ಲೇ, ಬ್ಲಾಕ್ಸ್ ಎಲ್ಲ ಹರಡಿಟ್ಟೆ. ಬಂದವನೇ ಒಂದೇ ಸಲಕ್ಕೆ ಎಲ್ಲವನ್ನೂ ನೆಲಕ್ಕೆ ತಳ್ಳಿದ. ಸೋಫಾ ಕೆಳಗೆ ಈಗಲೂ ಮಣಿ ಸಿಗುತ್ತವೆ.

ತಪ್ಪು ನನ್ನದೇ. ಅಷ್ಟೊಂದು ಕಂಡರೆ ಅವನು ಯಾವುದನ್ನು ನೋಡಬೇಕು? ಈಗ ಒಂದು ಟ್ರೇ, ಅದರಲ್ಲಿ ಒಂದೇ ಸಾಮಾನು. ಉಳಿದದ್ದು ಬೀರುವಿನೊಳಗೆ.

ಹಿಡಿಸಿದ್ದು ಮರಳು. ತೆಳ್ಳಗೆ ಹರಡಿ, ಬಾಯಲ್ಲಿ ಹೇಳುತ್ತಾ ಬೆರಳಲ್ಲಿ ಬರೆಯೋದು. ಅವನಿಗೆ 'ವ' ಮತ್ತು 'ಮ' ಎರಡೂ ಒಂದೇ. 'ಮ' ಬರೆಯುವಾಗ ಕೊನೆಯ ಸುರುಳಿಯನ್ನು ಬೇಕಂತಲೇ ಉದ್ದ ಎಳೆಸಿದೆ. ಕಣ್ಣಿಗೆ ಸಿಗದ ವ್ಯತ್ಯಾಸ ಬೆರಳಿಗೆ ಸಿಕ್ಕಿತು. ಆದರೆ ಬರೆಯೋದಕ್ಕಿಂತ ಅಳಿಸೋದೇ ಅವನಿಗೆ ಜಾಸ್ತಿ ಇಷ್ಟ. ಟ್ರೇ ಅಲ್ಲಾಡಿಸಿದರೆ ಅಕ್ಷರ ಮಾಯ! ಮೊದಮೊದಲು ನನಗೆ ರೇಗುತ್ತಿತ್ತು. ಆಮೇಲೆ ಅವನ ನೋಟ್‌ಬುಕ್ ನೆನಪಾಯಿತು. ರಬ್ಬರ್ ಉಜ್ಜಿ ಉಜ್ಜಿ ಹಾಳೆ ಹರಿಯೋದು, ಅಲ್ಲಿಂದ ಅಳು. ಮರಳಲ್ಲಿ ತಪ್ಪಿನ ಗುರುತೇ ಉಳಿಯಲ್ಲ, ಅಲ್ವಾ?

ಇಟಲಿಯ ವೈದ್ಯೆ, ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ 'ಮಕ್ಕಳ ಮನೆ' ಅನ್ನೋ ಶಾಲೆ ತೆರೆಯುವುದಕ್ಕೂ ಮುಂಚೆ ಕಲಿಸಿದ್ದು ಬುದ್ಧಿ ಬೆಳವಣಿಗೆ ಕಡಿಮೆ ಎನ್ನಿಸಿಕೊಂಡ ಮಕ್ಕಳಿಗೆ. ಮರದ ಅಕ್ಷರಗಳ ಮೇಲೆ ಅವರಿಂದ ಬೆರಳಾಡಿಸುತ್ತಿದ್ದರಂತೆ. ಕೈಯಲ್ಲಿ ಮಾಡಿಸಿ ಕಲಿಸೋ ಅವರ ಪದ್ಧತಿ ನಮ್ಮಂಥವರ ಮಕ್ಕಳಿಂದ ಶುರುವಾಗಿ ಎಲ್ಲರ ಮಕ್ಕಳಿಗೂ ಹೋಯಿತು ಅಂತ ಓದಿದಾಗ ನನಗೆ ಒಂಥರಾ ಜಂಬ.

ಕೂರುವ ಮೊದಲು ಪುಸ್ತಕ ತುಂಬಿದ ಬುಟ್ಟಿಯನ್ನು ನಾಲ್ಕು ಸುತ್ತು ಹೊರಿಸುತ್ತೇನೆ. ಭಾರ ಎತ್ತಿದ ಮೇಲೆ ಅವನ ಚಡಪಡಿಕೆ ಸ್ವಲ್ಪ ತಣ್ಣಗಾಗುತ್ತೆ. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತೆ ಅಂತ ಹೇಳಲಾರೆ. ಆಮೇಲೆ 5 ನಿಮಿಷದ ಮರಳುಗಡಿಯಾರ. "ಇನ್ನು ಸ್ವಲ್ಪ ಹೊತ್ತು" ಅಂದರೆ ಅವನಿಗೆ ಅರ್ಥವಾಗಲ್ಲ, ಸುರಿಯೋ ಮರಳು ಅರ್ಥವಾಗುತ್ತೆ. ಲೆಕ್ಕಕ್ಕೆ ಬಟ್ಟೆ ಕ್ಲಿಪ್: 7 ಅಂತ ಬರೆದ ರಟ್ಟಿಗೆ ಏಳು ಕ್ಲಿಪ್ ಸಿಕ್ಕಿಸಬೇಕು. ಬೆರಳಿಗೂ ಬಲ ಬರುತ್ತೆ. ಅಂಟು ಮಾತ್ರ ಬೇಡವೇ ಬೇಡ, ಬೆರಳಿಗೆ ತಾಗಿದರೆ ಮನೆ ಹಾರಿಹೋಗುವಷ್ಟು ಕಿರುಚಾಟ. ಬ್ರಷ್ ಕೊಟ್ಟ ಮೇಲೆ ಪರವಾಗಿಲ್ಲ.

ಭಾನುವಾರ 'ಮ' ಬರೆದ. ಅಲ್ಲಾಡಿಸಲು ಟ್ರೇ ಹಿಡಿದವನು ಹಾಗೇ ನಿಂತ. "ಅಮ್ಮ, ಇದು ಇರ್ಲಿ."

ಮೂರು ದಿನದಿಂದ ಟ್ರೇ ಊಟದ ಮೇಜಿನ ಮೇಲೇ ಇದೆ. ಯಾರೂ ಫ್ಯಾನ್ ಹಾಕೋ ಹಾಗಿಲ್ಲ.