ಕೈಗೆ ಪಟ್ಟಿ ಕಟ್ಟಿದರೆ ಮುಗಿಯಲಿಲ್ಲ

ನೈಟ್ ಡ್ಯೂಟಿ ಮಾಡುವ ನರ್ಸ್‌ಗಳ ದೇಹದ ಗಡಿಯಾರ ಎಷ್ಟು ಹಿಂದೆ ಮುಂದೆ ಆಗಿದೆ ಎಂದು ಅಳೆಯುವ ಯೋಜನೆಯಲ್ಲಿ ನನ್ನದು ಫೀಲ್ಡ್ ಕೆಲಸ. ಯಾರನ್ನೂ ಲ್ಯಾಬಿನಲ್ಲಿ ಮಲಗಿಸುವುದಿಲ್ಲ. ಅವರ ಡ್ಯೂಟಿ, ಅಡುಗೆ, ನಿದ್ದೆ ಎಲ್ಲಾ ಎಂದಿನಂತೆ. ಮಣಿಕಟ್ಟಿಗೆ ವಾಚಿನಂತೆ ಕಟ್ಟುವ ಪಟ್ಟಿ ಚಲನೆ, ಬೆಳಕು, ಚರ್ಮದ ಬಿಸಿ ಮೂರನ್ನೂ ದಾಖಲಿಸುತ್ತದೆ.

ಬಿಸಿಯ ಗ್ರಾಫ್ ನೋಡಿದ ಹೊಸಬರು ಮಷಿನ್ ಕೆಟ್ಟಿದೆ ಅಂತಾರೆ. ರಾತ್ರಿ ದೇಹದ ಒಳಗಿನ ತಾಪ ಇಳಿಯಬೇಕು, ಇಲ್ಲಿ ಏರುತ್ತಿದೆಯಲ್ಲ! ಸರಿಯಾಗೇ ಇದೆ. ನಿದ್ದೆಗೆ ಮುಂಚೆ ಕೈಕಾಲಿಗೆ ರಕ್ತ ಜಾಸ್ತಿ ಹರಿದು ಒಳಗಿನ ಶಾಖ ಚರ್ಮದ ಮೂಲಕ ಹೊರಗೆ ಹೋಗುತ್ತದೆ. ಹಾಗಾಗಿ ಮಣಿಕಟ್ಟಿನ ಗ್ರಾಫ್ ಉಲ್ಟಾ.

ಆದರೆ ಕೈ ಕಂಬಳಿಯೊಳಗಿದ್ದರೂ ಗ್ರಾಫ್ ಏರುತ್ತದೆ. ಫ್ಯಾನಿನ ಕೆಳಗಿದ್ದರೆ ಇಳಿಯುತ್ತದೆ. ಸ್ವೆಟರ್ ತೋಳು ಮುಚ್ಚಿದರೆ ಮಟಮಟ ಮಧ್ಯಾಹ್ನವೂ ಕತ್ತಲೆ. ಅಲ್ಲಾಡದೆ ಸೀರಿಯಲ್ ನೋಡಿದರೆ ನಿದ್ದೆ ಎಂದು ಲೆಕ್ಕ. ದೇಹದ ಗಡಿಯಾರದ ಗುರುತಿನ ಮೇಲೆ ದಿನಚರಿ ಹೀಗೆ ಬಂದು ಕೂರುವುದಕ್ಕೆ ನಮ್ಮವರು ಮಾಸ್ಕಿಂಗ್ ಅನ್ನುತ್ತಾರೆ. 1960ರ ದಶಕದಲ್ಲಿ ಜರ್ಮನಿಯ ಆಂಡೆಕ್ಸ್‌ನಲ್ಲಿ ಯೂರ್ಗನ್ ಆಶೋಫ್ ಎಂಬ ವಿಜ್ಞಾನಿ ಜನರನ್ನು ಬಿಸಿಲು, ವಾಚು ಎರಡೂ ಇಲ್ಲದ ಬಂಕರ್‌ನಲ್ಲಿಟ್ಟು ಅಧ್ಯಯನ ಮಾಡಿದರು. ನಮಗೆ ಆ ಭಾಗ್ಯವಿಲ್ಲ.

ಅದಕ್ಕೇ ಜೊಲ್ಲಿನ ಪರೀಕ್ಷೆಯೂ ಬೇಕು. ಸಂಜೆಯಿಂದ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಟ್ಯೂಬಿನಲ್ಲಿ ಜೊಲ್ಲು ಹಿಡಿದು, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನ್ ಯಾವಾಗ ಏರಲು ಶುರುವಾಯಿತು ಎಂದು ನೋಡುತ್ತೇವೆ. ಹಗಲು ಕೆಲಸದವರಲ್ಲಿ ಇದು ಸಾಮಾನ್ಯವಾಗಿ ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ. ಕಾಫಿ, ಬಾಳೆಹಣ್ಣು ಬೇಡ. ತಲೆನೋವಿಗೆ ಐಬುಪ್ರೊಫೆನ್ ನುಂಗಿದರೆ ಮೆಲಟೋನಿನ್ ಕಡಿಮೆಯಾಗಬಹುದು, ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಅಷ್ಟೇ. ಇದನ್ನೆಲ್ಲ ಮೊದಲೇ ಕೇಳಬೇಕು. ನರ್ಸ್‌ಗಳು ತಾವೇ ಮಾತ್ರೆ ತಗೊಂಡು ಮರೆತುಬಿಡುತ್ತಾರೆ, ಅವರಿಗದು ಲೆಕ್ಕಕ್ಕೇ ಇಲ್ಲ!

ನಿಜವಾದ ಕಷ್ಟ ಬೆಳಕಿನದು. ಸಾಧ್ಯವಾದರೆ 10 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಕಡಿಮೆ ಇರಬೇಕು. ಟ್ಯೂಬ್‌ಲೈಟ್ ಉರಿದರೆ ಮೆಲಟೋನಿನ್ ಏರುವುದು ತಡವಾಗುತ್ತದೆ. ಒಂದು ಮನೆಯಲ್ಲಿ ದೀಪ ಆರಿಸಿ ಎಂದಾಗ ಸಿಸ್ಟರ್ ಒಪ್ಪಿದರು, ಅತ್ತೆ ಒಪ್ಪಲಿಲ್ಲ. "ದೀಪ ಹಚ್ಚೋ ಹೊತ್ತಲ್ಲಿ ಮನೆ ಕತ್ತಲೆ ಮಾಡ್ತಾರೇನಮ್ಮ?" ನ್ಯಾಯವಾದ ಪ್ರಶ್ನೆಯೇ, ಅಲ್ವಾ? ನಡುಮನೆಯ ದೀಪ ಉರಿಯಲಿ, ಸಿಸ್ಟರ್ ಒಳಕೋಣೆಯಲ್ಲಿ ಕೂರಲಿ ಎಂದು ಮಾತಾಯಿತು. ದೇವರ ದೀಪದಿಂದ ನಮಗೆ ತೊಂದರೆಯಿಲ್ಲ ಎಂದ ಮೇಲೆ ಅತ್ತೆಯೇ ಜೊಲ್ಲಿನ ಟ್ಯೂಬಿನ ಹೊತ್ತು ನೆನಪಿಸತೊಡಗಿದರು. ಈಗ ಹೊಸ ಮನೆಗೆ ಹೋದರೆ ಮೊದಲು ಹಿರಿಯರ ಹತ್ತಿರ ಕೂತು ಮಾತಾಡುತ್ತೇನೆ, ಫಾರ್ಮ್ ಆಮೇಲೆ.

ನಿದ್ದೆ ಡೈರಿಯ ಪ್ರಶ್ನೆಯನ್ನೂ ಬದಲಿಸಿದ್ದೇವೆ. "ಎಷ್ಟು ಹೊತ್ತಿಗೆ ಮಲಗಿದಿರಿ?" ಎಂದರೆ ಹಾಸಿಗೆಗೆ ಹೋದ ಹೊತ್ತು ಹೇಳುತ್ತಾರೆ. "ಫೋನ್ ಯಾವಾಗ ಕೆಳಗಿಟ್ಟಿರಿ?" ಎಂದು ಕೇಳಿದರೆ ಪಟ್ಟಿಯ ಗ್ರಾಫಿಗೂ ಡೈರಿಗೂ ತಾಳೆಯಾಗುತ್ತದೆ.