“ಕಾಲೇಜು ಬಿಟ್ಟು ಶಾಲೆಗೆ ಏಕೆ ಹೋಗುತ್ತೀರಿ?” ಎಂದು ಕೇಳುವವರಿಗೆ

ಮದುವೆ ಮನೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ಕೊನೆಗೆ ನಮ್ಮ ವಿಭಾಗದ ಮೊಗಸಾಲೆಯಲ್ಲೂ ನನಗೆ ಎದುರಾಗುವ ಪ್ರಶ್ನೆ ಒಂದೇ. “ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವವರು ನೀವು. ತಿಂಗಳಿಗೆ ಎರಡು ಶನಿವಾರ ಹಳ್ಳಿಯ ಶಾಲೆಗಳಿಗೆ ಹೋಗಿ ಏನು ಮಾಡುತ್ತೀರಿ? ಆ ಮಕ್ಕಳಿಗೆ ಅದೆಲ್ಲ ಅರ್ಥವಾಗುತ್ತದೆಯೇ?”

ಅರ್ಥವಾಗುತ್ತದೆ. ಆದರೆ ನಾನು ಹೋಗುವ ಕಾರಣ ಬೇರೆ. ನಮ್ಮ ಊರುಗಳಿಗೆ ಆರೋಗ್ಯ ವಿಜ್ಞಾನ ತಲುಪುವುದು ಅಪ್ಪಣೆಯ ರೂಪದಲ್ಲಿ. ಮಾತ್ರೆ ನುಂಗು, ಚಪ್ಪಲಿ ಮೆಟ್ಟು, ನೀರು ನಿಲ್ಲಲು ಬಿಡಬೇಡ. ಏಕೆ ಎಂಬ ಮಾತು ಮಾತ್ರ ಕಾಲೇಜಿನ ಕಾಂಪೌಂಡು ದಾಟುವುದೇ ಇಲ್ಲ. ಕಾರಣ ತಿಳಿಯದೆ ಪಾಲಿಸುವ ಅಪ್ಪಣೆಗೆ ಆಯಸ್ಸು ಕಡಿಮೆ ಎಂಬುದು ನನಗೆ ಗೊತ್ತಾದದ್ದು ಒಂದು ಪ್ರೌಢಶಾಲೆಯ ಹಿತ್ತಲಿನಲ್ಲಿ.

ಮಳೆ ಬಂದು ನಿಂತಿತ್ತು. ತರಗತಿಯ ಕಿಟಕಿಯ ಕೆಳಗೆ ಒದ್ದೆ ಮಣ್ಣಿನಲ್ಲಿ ಅಲ್ಲಲ್ಲಿ ನೀಲಿ ಕಲೆಗಳು. ಬಗ್ಗಿ ನೋಡಿದರೆ ಅರ್ಧ ಕರಗಿದ ಮಾತ್ರೆಗಳು. ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ವಾರಕ್ಕೊಂದರಂತೆ ಸರ್ಕಾರ ಕೊಡುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳವು. ಮಕ್ಕಳು ಬಾಯಿಗೆ ಹಾಕಿಕೊಂಡಂತೆ ಮಾಡಿ ಕಿಟಕಿಯಿಂದ ಆಚೆ ಎಸೆದಿದ್ದರು. ಶಿಕ್ಷಕಿ ಬೇಸರದಿಂದ ತಲೆ ತಗ್ಗಿಸಿದರು. ನಾನು ಯಾರನ್ನೂ ಗದರದೆ, ಏಕೆ ಬೇಡವೆನಿಸುತ್ತದೆ ಎಂದಷ್ಟೇ ಕೇಳಿದೆ. ಬಹಳ ಹೊತ್ತಿನ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ನುಂಗಿದ ಮಾರನೆಯ ದಿನ ಕಕ್ಕಸು ಕಪ್ಪಗೆ ಆಗುತ್ತದೆ ಮೇಡಂ. ಒಳಗೆಲ್ಲ ಸುಟ್ಟುಹೋಗುತ್ತಿದೆ ಎಂದು ಅಮ್ಮ ಹೆದರಿಕೊಂಡರು.”

ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುವಾಗ ಬಣ್ಣ ಕಪ್ಪಾಗುತ್ತದೆ, ಹೆದರಬೇಕಾದದ್ದಿಲ್ಲ. ಒಂದೇ ಒಂದು ವಾಕ್ಯ. ಅದನ್ನು ಆ ತಾಯಿಗೆ ಯಾರೂ ಹೇಳಿರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ದೇಶದ ಶೇ 57 ಮಂದಿಗೆ, ಕರ್ನಾಟಕದಲ್ಲಿ ಶೇ 48ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂಥ ನಾಡಿನಲ್ಲಿ ಆ ಒಂದು ವಾಕ್ಯದ ಬೆಲೆ ಎಷ್ಟೆಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ಮುಂದಿನ ಸಲ ಹೋಗುವಾಗ ಭಾಷಣ ತೆಗೆದುಕೊಂಡು ಹೋಗಲಿಲ್ಲ. ಮಾತ್ರೆಯ ನೀಲಿ ಲೇಪನ ತೊಳೆದು, ಪುಡಿ ಮಾಡಿ, ಗಾಜಿನ ಲೋಟದ ನೀರಿನಲ್ಲಿ ಕದಡಿದೆವು. ಬಿಸಿಯೂಟದ ಅಡುಗೆಯವರಿಂದ ಹಾಲು ಹಾಕದ ಚಹಾ ಡಿಕಾಕ್ಷನ್ ತರಿಸಿ ಒಬ್ಬ ಹುಡುಗನ ಕೈಯಿಂದಲೇ ಅದಕ್ಕೆ ಸುರಿಸಿದೆ. ನೋಡನೋಡುತ್ತಿದ್ದಂತೆ ಲೋಟ ಮಸಿಯಂತೆ ಕಪ್ಪಾಯಿತು. ಅದು ನಿಜಕ್ಕೂ ಮಸಿಯೇ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬೆರೆಸಿ ಹಿಂದಿನವರು ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಚಹಾದಲ್ಲೂ ಅಳಲೆಯಲ್ಲೂ ಇರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದುಬಿಡುತ್ತದೆ. ಹಾಗೆ ಹಿಡಿದಿಟ್ಟ ಕಬ್ಬಿಣ ನಮ್ಮ ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ. ಆಮೇಲೆ ಅದೇ ಲೋಟಕ್ಕೆ ನಿಂಬೆಹಣ್ಣು ಹಿಂಡಿದೆವು. ಕಪ್ಪು ತಿಳಿಯಾಗುತ್ತ ಬಂದಾಗ ಹಿಂದಿನ ಬೆಂಚಿನವರೆಲ್ಲ ಎದ್ದು ಬಂದು ಮೇಜನ್ನು ಮುತ್ತಿಕೊಂಡರು. ಊಟವಾದ ಕೂಡಲೇ ಚಹಾ ಕುಡಿಯಬಾರದು, ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಒಳ್ಳೆಯದು ಎಂದು ನಾನು ಹೇಳುವ ಮೊದಲೇ ಅವರೇ ಹೇಳಿದರು.

ಇನ್ನೊಂದು ದಿನ ಕೈಗೆ ಒಂದು ಮೊಳೆ ಕೊಟ್ಟೆ. ವಯಸ್ಕರ ಇಡೀ ದೇಹದಲ್ಲಿರುವ ಕಬ್ಬಿಣ ಮೂರು ನಾಲ್ಕು ಗ್ರಾಂ, ಹೆಚ್ಚೆಂದರೆ ಒಂದು ಮೊಳೆಯಷ್ಟು. ಅದರಲ್ಲಿ ಮೂರನೇ ಎರಡು ಪಾಲು ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿದೆ. ಮುಂದಿನದು ಗಣಿತದ ಪಾಠವೇ ಆಯಿತು. ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು ಕರುಳು ಸೇರುವ ಕೊಕ್ಕೆಹುಳುಗಳ ಒಂದು ಜಾತಿಯ ಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ನಷ್ಟ ಮಾಡುತ್ತದೆ. ನೂರು ಹುಳುಗಳಿದ್ದರೆ ತಿಂಗಳಿಗೆಷ್ಟು? ಕಪ್ಪುಹಲಗೆಯ ಮೇಲೆ 90 ಮಿಲಿಲೀಟರ್ ಎಂದು ಬರೆದ ಹುಡುಗ ತನ್ನ ಪಾದಗಳನ್ನೊಮ್ಮೆ ನೋಡಿಕೊಂಡ. ಫೆಬ್ರುವರಿ 10ರಂದು ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಏಕೆ ಕೊಡುತ್ತಾರೆ ಎಂದು ಮತ್ತೆ ವಿವರಿಸಬೇಕಾಗಲಿಲ್ಲ.

ಸೂಕ್ಷ್ಮದರ್ಶಕ ಇಲ್ಲದೆ ಇದೆಲ್ಲ ಅರ್ಧ ಮಾತ್ರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ಮಕ್ಕಳೇ ಮಡಚಿ ಜೋಡಿಸುತ್ತಾರೆ. 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಪುಸ್ತಕದೊಳಗೆ ಇಟ್ಟುಕೊಂಡು ಮನೆಗೆ ಒಯ್ಯಬಹುದು. ಕೆಂಪು ರಕ್ತಕಣಗಳನ್ನು ಸ್ಪಷ್ಟವಾಗಿ ತೋರಿಸಲು ಕಾಲೇಜಿನ ಸೂಕ್ಷ್ಮದರ್ಶಕವನ್ನೇ ಹೊತ್ತೊಯ್ಯುತ್ತೇವೆ; ಮಕ್ಕಳ ಬೆರಳಿಗೆ ಸೂಜಿ ಚುಚ್ಚುವುದಿಲ್ಲ, ಮೊದಲೇ ಸಿದ್ಧಪಡಿಸಿದ ಸ್ಲೈಡುಗಳಿವೆ. ತೊಟ್ಟಿಯ ನೀರಿನಲ್ಲಿ ಸಿಕ್ಕ ಸೊಳ್ಳೆಯ ಮರಿಹುಳುವನ್ನು ತೋರಿಸುವಾಗ ರೊನಾಲ್ಡ್ ರಾಸ್ ಅವರ ಕಥೆ ಹೇಳುತ್ತೇನೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡ ಆ ವೈದ್ಯರು, ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಗಮನಿಸಿದ್ದು ಅದಕ್ಕೂ ಮೊದಲು, 1883ರ ಸುಮಾರಿಗೆ ನಮ್ಮ ಬೆಂಗಳೂರಿನಲ್ಲಿ.

ಎಲ್ಲ ಕಾರ್ಯಕ್ರಮಗಳೂ ಹೀಗೆ ನಡೆಯುತ್ತವೆ ಎನ್ನಲಾರೆ. ಬ್ಯಾನರ್ ಕಟ್ಟಿ, ಇಂಗ್ಲಿಷ್ ಬೆರೆತ ಉಪನ್ಯಾಸ ಓದಿ, ಫೋಟೊ ತೆಗೆಸಿ, ವರದಿಗೆ ಲಗತ್ತಿಸಿ ಮುಗಿಸಿದ ಭೇಟಿಗಳನ್ನು ನಾನೂ ನೋಡಿದ್ದೇನೆ, ನನ್ನ ಮೊದಲ ವರ್ಷಗಳಲ್ಲಿ ಅಂಥದ್ದರಲ್ಲಿ ಪಾಲ್ಗೊಂಡೂ ಇದ್ದೇನೆ. ಮೂವತ್ತು ಶಾಲೆಗೆ ಒಮ್ಮೊಮ್ಮೆ ಹೋಗುವುದಕ್ಕಿಂತ ಮೂರೇ ಶಾಲೆಗೆ ಹತ್ತು ಸಲ ಹೋಗುವುದು ಮೇಲು ಎಂದು ಈಗ ಗಟ್ಟಿಯಾಗಿ ನಂಬಿದ್ದೇನೆ. ಎರಡನೆಯ ಭೇಟಿಯ ತನಕ ಮಕ್ಕಳು ಮನಸ್ಸಿನ ಪ್ರಶ್ನೆ ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಾರ್ವಜನಿಕರಿಗಾಗಿ ತೆರೆದಿರುವ ಮೆದುಳು ಸಂಗ್ರಹಾಲಯವನ್ನು ನೋಡಿಬಂದವರಿಗೆ, ಉಪನ್ಯಾಸಕ್ಕಿಂತ ಕೈಯಾರೆ ಮುಟ್ಟಿ ಕಲಿತದ್ದೇ ಉಳಿಯುತ್ತದೆ ಎಂಬ ನನ್ನ ಮಾತು ತಿಳಿದೀತು. ಕೈಗವಸು ತೊಟ್ಟು ನಿಜವಾದ ಮಾನವ ಮೆದುಳನ್ನು ಅಂಗೈಯಲ್ಲಿ ಹಿಡಿದವರು ಅದರ ಭಾರವನ್ನು ಮರೆಯುವುದಿಲ್ಲ.

ಜೊತೆಗೆ ಬರುವ ನಮ್ಮ ವಿದ್ಯಾರ್ಥಿಗಳಿಗೂ ಇದು ಪಾಠ. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯದ ಮೇಲೆ ನಿಗಾ ಇಡುವ ಕುಟುಂಬ ದತ್ತು ಕಾರ್ಯಕ್ರಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಈಗ ಎಂಬಿಬಿಎಸ್ ಪಠ್ಯಕ್ರಮಕ್ಕೇ ಸೇರಿಸಿದೆ. ಹಿಮೋಗ್ಲೋಬಿನ್ ಎಂಬುದನ್ನು ಎಂಟನೆಯ ತರಗತಿಯ ಹುಡುಗನಿಗೆ ಕನ್ನಡದಲ್ಲಿ ತಿಳಿಸಲು ತಡವರಿಸಿದ ಮೊದಲ ವರ್ಷದ ವಿದ್ಯಾರ್ಥಿನಿ, ಹಾಸ್ಟೆಲಿಗೆ ಮರಳಿ ಆ ಅಧ್ಯಾಯವನ್ನು ಮತ್ತೆ ಓದಿದಳು.

ಕಿಟಕಿಯ ಶಾಲೆಗೆ ಕಳೆದ ತಿಂಗಳು ಹೋಗಿದ್ದೆ. ಅದೇ ಹುಡುಗಿ, ಈಗ ಹತ್ತನೆಯ ತರಗತಿ, ಮಾತ್ರೆ ನುಂಗುತ್ತಿದ್ದಾಳೆ. ಅವಳ ತಾಯಿ ಊಟದ ಹಿಂದೆಯೇ ಚಹಾ ಕುಡಿಯುವುದನ್ನು ಬಿಟ್ಟಿದ್ದಾರಂತೆ. ಆಮೇಲೆ ಅವಳು ಕೇಳಿದಳು: “ನಮ್ಮ ಅಜ್ಜಿಗೂ ಎರಡು ಹೆಜ್ಜೆ ನಡೆದರೆ ಏದುಸಿರು, ಕಣ್ಣಿನ ಒಳರೆಪ್ಪೆ ಬೆಳ್ಳಗಿದೆ. ಅವರಿಗೇಕೆ ಈ ಮಾತ್ರೆ ಕೊಡುವುದಿಲ್ಲ ಮೇಡಂ?” ಈ ಯೋಜನೆಯ ಪಟ್ಟಿಯಲ್ಲಿ ಮಕ್ಕಳು, ಹದಿಹರೆಯದವರು, ಗರ್ಭಿಣಿಯರು, ಬಾಣಂತಿಯರು, ಹೆರುವ ವಯಸ್ಸಿನ ಮಹಿಳೆಯರು ಇದ್ದಾರೆ, ಅಜ್ಜಿಯರಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯನ್ನು ಹಾಗೆಯೇ ತಂದು ಸಮುದಾಯ ವೈದ್ಯಶಾಸ್ತ್ರ ವಿಭಾಗದ ಸಹೋದ್ಯೋಗಿಗಳ ಮುಂದಿಟ್ಟೆ. ಬರುವ ಎರಡನೆಯ ಶನಿವಾರ ಅವರೂ ಹಿಮೋಗ್ಲೋಬಿನ್ ಅಳೆಯುವ ಸಲಕರಣೆಯೊಂದಿಗೆ ನಮ್ಮ ವಾಹನ ಹತ್ತುತ್ತಿದ್ದಾರೆ. ಆ ದಿನ ಅಜ್ಜಿಯರನ್ನು ಕರೆತರುವ ಹೊಣೆ ಹತ್ತನೆಯ ತರಗತಿಯವರದು.